ಕೇಳ್ಕೊಂಡು ಹೊರಡಿ: ವೀಕೆಂಡಿಗೆ ಶಿರಸಿ, ಅದೂ ಅಡಿಕೆ ಕೊಯ್ಲಿನ ಟೈಮಲ್ಲಿ

ಕಳೆದ ಸಂಚಿಕೆಲಿ "ಮನೆಮಂದಿ ಎಲ್ಲ ಸೇರಿ ಎರಡು ದಿನ ಶಿರಸಿಗೆ ಹೋಗ್ಬನ್ನಿ, ಫಾಲ್ಸ್ ನೋಡೋಕಲ್ಲ, ಅಡಿಕೆ ನೋಡೋಕೆ" ಅಂತ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ, ಮೇಲು, ವಾಟ್ಸಾಪು ಇತ್ತೀಚೆಗೆ ಯಾವ್ದಕ್ಕೂ ಬಂದಿರ್ಲಿಲ್ಲ, ಹಾಗಾಗಿ ಈ ಸಲದ ಜಾಗ ಪೂರ್ತಿ ಅದಕ್ಕೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ. ಬೈದಿರೋದನ್ನೂ ಬಿಟ್ಟಿಲ್ಲ.

ಪ್ರಶ್ನೆ: ಮೇಡಂ, ಬೆಂಗಳೂರಿಂದ ನಾವು ಆರು ಜನ, ಸ್ವಂತ ಕಾರು. ಅತ್ತೆಗೆ ಮಂಡಿನೋವು, ಮಕ್ಕಳಿಬ್ರೂ ಚಿಕ್ಕೋರು, ಚಿಕ್ಕೋಳಿಗೆ ತಿರುವಿನ ರೋಡಲ್ಲಿ ವಾಂತಿ ಆಗತ್ತೆ. ಶನಿವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್ ಬರ್ಬೇಕು. ನಮ್ಮ ಯಜಮಾನ್ರು ಮಾಡಿರೋ ಲಿಸ್ಟು: ಮಾರಿಕಾಂಬಾ ದೇವಸ್ಥಾನ, ಸಹಸ್ರಲಿಂಗ, ಸೋಂದಾ, ಬನವಾಸಿ, ಯಾಣ, ಉಂಚಳ್ಳಿ, ಜೋಗ, ಟೈಮ್ ಉಳಿದ್ರೆ ಮುರುಡೇಶ್ವರ. ಆಗತ್ತಾ?

ಉತ್ತರ: "ಟೈಮ್ ಉಳಿದ್ರೆ ಮುರುಡೇಶ್ವರ" ಅನ್ನೋದನ್ನ ಓದಿ ಆಫೀಸಲ್ಲಿ ಎಲ್ರಿಗೂ ತೋರಿಸ್ದೆ, ನಿಮ್ಮ ಯಜಮಾನ್ರು ಬೇಜಾರು ಮಾಡ್ಕೋಬಾರ್ದು. ಆಗಲ್ಲ ತಾಯಿ. ಬೆಂಗಳೂರಿಂದ ಶಿರಸಿ ಹತ್ತಿರ ಹತ್ತಿರ 400 ಕಿ.ಮೀ. ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹಾವೇರಿವರೆಗೂ ಹೈವೇ, ಅಲ್ಲಿವರೆಗೆ ಏನೂ ತೊಂದ್ರೆ ಇಲ್ಲ. ಹಾವೇರಿಲಿ ಎಡಕ್ಕೆ ತಿರುಗಿ ಹಾನಗಲ್ ಮೇಲೆ ಶಿರಸಿಗೆ ಹೋಗೋ ಕೊನೇ 70-80 ಕಿ.ಮೀ ಮಾತ್ರ ನಿಧಾನ. ತಿಂಡಿ, ಟೀ, ಮಕ್ಕಳಿಗೆ ಅಂತ ಅಲ್ಲಲ್ಲಿ ನಿಲ್ಲಿಸಿ ಎಂಟು ಗಂಟೆ ಹಿಡ್ಕೊಳ್ಳಿ. ಬೆಳಗ್ಗೆ ಐದಕ್ಕೆ ಮನೆ ಬಿಟ್ರೂ ಊಟದ ಹೊತ್ತಾಗತ್ತೆ. ನಿಮ್ಮನೇಲಿ ಐದಕ್ಕೆ ಅಂದ್ರೆ ಆರೂವರೆಗೆ ಹೊರಡ್ತೀರಿ, ಎಲ್ಲರ ಮನೇಲೂ ಅಷ್ಟೇ.

ಈ ದಾರಿಲಿ ಒಂದು ಲಾಭ ಇದೆ, ಘಾಟಿ ಹತ್ತಿ ಇಳಿಯೋದು ಇಲ್ಲ. ಶಿರಸಿ ಘಟ್ಟದ ಮೇಲಿನ ಊರು, ದೇವಿಮನೆ ಘಾಟಿ ಸಿಗೋದು ಅಲ್ಲಿಂದ ಕುಮಟಾ ಕಡೆ ಇಳಿದ್ರೆ. ನೀವು ಇಳೀಲೇಬೇಡಿ, ಮಗಳಿಗೆ ಅರ್ಧ ವಾಂತಿ ಅಲ್ಲೇ ಉಳೀತು. ಮುರುಡೇಶ್ವರನ ಲಿಸ್ಟಿಂದ ತೆಗೆದುಹಾಕಿ. ಯಾಣಕ್ಕೆ 40 ಕಿ.ಮೀ ಮೇಲಾಗತ್ತೆ, ಆಮೇಲೆ ಕಾಡಲ್ಲಿ ನಡಿಗೆ, ಮೆಟ್ಟಿಲು, ಮಂಡಿನೋವಿನ ಅತ್ತೆಯನ್ನ ಕಾರಲ್ಲಿ ಕೂರಿಸಿ ನೀವೆಲ್ಲ ಮೇಲೆ ಹೋಗ್ಬರೋದು ಯಾಕೆ. ಉಂಚಳ್ಳಿಲೂ ಮೆಟ್ಟಿಲೇ. ಜೋಗಕ್ಕೆ ಸಿದ್ದಾಪುರ ಮೇಲೆ ಸುಮಾರು 60 ಕಿ.ಮೀ, ಅದಕ್ಕೆ ಮಳೆಗಾಲದಲ್ಲಿ ಬೇರೆ ಟ್ರಿಪ್ಪೇ ಮಾಡಿ.

ಉಳಿದಿದ್ದು ಇಷ್ಟು. ಶನಿವಾರ ಮಧ್ಯಾಹ್ನ ತಲುಪಿ, ಊಟ ಮಾಡಿ ಒಂದು ಗಂಟೆ ಮಲಗಿ, ಸಂಜೆ ಮಾರಿಕಾಂಬೆ ದರ್ಶನ. ರಾತ್ರಿ ತೋಟದ ಮನೆ ಹೋಮ್‌ಸ್ಟೇಲಿ ಇರಿ, ಪೇಟೆ ಲಾಡ್ಜಲ್ಲಿ ಬೇಡ. ಭಾನುವಾರ ಬೆಳಗ್ಗೆ ತೋಟ. ಹತ್ತು ಹತ್ತೂವರೆಗೆ ಹೊರಟು ಬನವಾಸಿ, ಅದು 20 ಚಿಲ್ಲರೆ ಕಿ.ಮೀ ಅಷ್ಟೇ. ಮಧುಕೇಶ್ವರ ದೇವಸ್ಥಾನ ಸಮತಟ್ಟಾದ ಜಾಗ, ಅತ್ತೆಗೂ ಆರಾಮು, ಪಕ್ಕದಲ್ಲೇ ವರದಾ ನದಿ. ನಾಲ್ಕನೇ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬರ ರಾಜಧಾನಿ ಇದೇ ಅಂತ ದೊಡ್ಡ ಮಗನಿಗೆ ಹೇಳಿ, ಪಾಠದಲ್ಲಿ ಬಂದೇ ಬರತ್ತೆ. ಅಲ್ಲಿಂದ ಆನವಟ್ಟಿ ಕಡೆಗೆ ಹೊರಟ್ರೆ ಮತ್ತೆ ಶಿರಸಿಗೆ ಬಂದು ಸುತ್ತೋ ಗೋಜಿಲ್ಲ. ಸಹಸ್ರಲಿಂಗ ಬಿಟ್ಟಿದೀನಿ ಅಂತ ಬೇಜಾರಾದ್ರೆ ಶುಕ್ರವಾರ ರಜೆ ಹಾಕಿ. ಶಾಲ್ಮಲಾ ನದಿ ಬಂಡೆಗಳ ಮೇಲೆ ಕೆತ್ತಿರೋ ಲಿಂಗಗಳು ನೀರು ಇಳಿದ್ಮೇಲೆ ಚೆನ್ನಾಗಿ ಕಾಣೋದು, ಕೊಯ್ಲಿನ ಸೀಸನ್ನಿಗೆ ಅದೂ ಸರಿಹೋಗತ್ತೆ.

ಪ್ರಶ್ನೆ: ಅಡಿಕೆ ನೋಡೋಕೆ ಅಂತ ಅಷ್ಟು ದೂರ ಹೋಗೋಷ್ಟು ಅದ್ರಲ್ಲಿ ಏನಿದೆ? ಉದ್ದಕ್ಕೆ ಸಾಲಾಗಿ ಮರ. ಕಾರಿನ ಕಿಟಕೀಲೇ ಕಾಣತ್ತೆ. ಹೋಗೋದೇ ಆದ್ರೆ ಯಾವ ತಿಂಗಳು? (ಕೋಲಾರದ ಓದುಗರು)

ಉತ್ತರ: ಕಿಟಕೀಲಿ ಕಾಣೋದು ಮರ ಅಷ್ಟೇ ಸರ್. ಹೋಗ್ಬೇಕಾಗಿರೋದು ಮರ ನೋಡೋಕಲ್ಲ, ಕೆಲಸ ನೋಡೋಕೆ. ಅದಕ್ಕೇ ತಿಂಗಳು ಮುಖ್ಯ. ಮೇ ತಿಂಗಳಲ್ಲಿ ಹೋದ್ರೆ ನೀವು ಹೇಳಿದ್ದೇ ಸರಿ, ಉದ್ದಕ್ಕೆ ಸಾಲಾಗಿ ಮರ.

ಕೆಂಪಡಿಕೆ, ಅಂದ್ರೆ ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದ್ದು, ಅದನ್ನ ಮಾಡೋರ ಮನೇಲಿ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಗಡಿಬಿಡಿ. ಕಾಯಿ ಇನ್ನೂ ಹಸಿರಿರೋವಾಗ್ಲೇ ಕೊಯ್ಯೋದು. ಕೊನೆಗೌಡ, ಅಂದ್ರೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಇಳಿಸೋನು, ಕಾಲಿಗೆ ತಳೆ (ಹಗ್ಗದ ಬಳೆ) ಹಾಕ್ಕೊಂಡು 40-50 ಅಡಿ ಮೇಲಕ್ಕೆ ಹೋಗಿರ್ತಾನೆ, ಕೆಳಗೊಬ್ಬ ನೇಣು ಹಿಡ್ಕೊಂಡು ದೂರದಲ್ಲಿ ನಿಂತಿರ್ತಾನೆ. ನೇಣು ಅಂದ ಕೂಡ್ಲೇ ಗಾಬರಿ ಆಗ್ಬೇಡಿ, ಮರದ ತುದಿಯಿಂದ ನೆಲಕ್ಕೆ ಓರೆಯಾಗಿ ಎಳೆದು ಹಿಡಿಯೋ ಹಗ್ಗ ಅದು. ಕೊಯ್ದ ಕೊನೆ ಆ ಹಗ್ಗದ ಮೇಲೆ ಸುಯ್ ಅಂತ ಜಾರಿ ಬರತ್ತೆ, ಒಂದು ಕಾಯಿ ಉದುರದ ಹಾಗೆ ಕೆಳಗಿನೋನು ಹಿಡೀತಾನೆ. ಹಗ್ಗ ಸ್ವಲ್ಪ ಸಡಿಲ ಬಿಟ್ರೆ ಕೊನೆ ನೆಲಕ್ಕೆ ಬಡಿಯತ್ತೆ, ಜಾಸ್ತಿ ಬಿಗಿ ಹಿಡಿದ್ರೆ ರಭಸಕ್ಕೆ ಬಂದು ಎದೆಗೇ ಹೊಡಿಯತ್ತೆ. ಈಗ ಕಾರ್ಬನ್ ಫೈಬರ್ ದೋಟಿ (ತುದೀಲಿ ಕತ್ತಿ ಇರೋ ಉದ್ದ ಕೋಲು) ಬಂದ್ಮೇಲೆ ನೆಲದ ಮೇಲೆ ನಿಂತೇ ಕೊಯ್ಯೋರೂ ಜಾಸ್ತಿ ಆಗ್ತಿದಾರೆ, ಯಾಕಂದ್ರೆ ಹತ್ತೋರು ಸಿಗಲ್ಲ. ಎರಡೂ ನೋಡೋ ಹಾಗಿದೆ ಅನ್ನಿ, ಆದ್ರೆ ಹತ್ತೋದನ್ನ ನೋಡೋ ಅವಕಾಶ ಇನ್ನೆಷ್ಟು ವರ್ಷವೋ.

ಅಸಲಿ ವಿಷ್ಯ ಇರೋದು ಸಂಜೆ. ತಂದ ಹಸಿ ಅಡಿಕೆ ಬಿಟ್ಟಿಡೋ ಹಾಗಿಲ್ಲ, ಬೇಗ ಸುಲೀಬೇಕು, ಹಾಗಾಗಿ ಮನೆ ಅಂಗಳದಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಲೈಟ್ ಹಾಕ್ಕೊಂಡು ಸುಲಿಯೋಕೆ ಕೂತ್ಕೋತಾರೆ, ಹೆಂಗಸರೇ ಜಾಸ್ತಿ. ಹಲಗೆಗೆ ಕೂರಿಸಿದ ಮೆಟ್ಟುಗತ್ತಿ, ಅದನ್ನ ಕಾಲಲ್ಲಿ ಮೆಟ್ಟಿ ಹಿಡ್ಕೊಂಡು ಕಾಯನ್ನ ಎರಡೂ ಕೈಲಿ ಅಲಗಿಗೆ ಒತ್ತಿದ್ರೆ ಸಿಪ್ಪೆ ಬಾಯಿ ಬಿಡತ್ತೆ, ಇನ್ನೊಂದು ಒತ್ತಿಗೆ ಅಡಿಕೆ ಟಪ್ ಅಂತ ಬುಟ್ಟಿಗೆ. ಮಾತಾಡ್ತಾನೇ, ಕತ್ತಿ ಕಡೆ ನೋಡದೇನೇ, ಗಂಟೆಗಟ್ಟಲೆ. ಅವರ ಬೆರಳು ನೋಡಿ, ಕಪ್ಪಗೆ ಕಲೆ ಹಿಡಿದಿರತ್ತೆ, ಸೋಪು ಹಾಕಿದ್ರೂ ಹೋಗಲ್ಲ, ಸೀಸನ್ ಮುಗಿಯೋ ತನಕ ಅದೇ ಬಣ್ಣ. ಸುಲಿದಿದ್ದನ್ನ ಅಳೆದು ಕೂಲಿ ಲೆಕ್ಕ ಹಾಕ್ತಾರೆ, ಹಾಗಾಗಿ ಮಧ್ಯ ಹೋಗಿ ಕೂತು "ನಾನೂ ಟ್ರೈ ಮಾಡ್ತೀನಿ ಕೊಡಿ" ಅಂತ ಒಂದು ಗಂಟೆ ಅವರ ಜಾಗ ಹಿಡಿಬೇಡಿ, ಅವರ ದುಡಿಮೆ ಅದು.

ಆಮೇಲೆ ಹಂಡೆ. ಹಿಂದಿನ ಸಲ ಬೇಯಿಸಿದಾಗ ಉಳಿದು ಗಟ್ಟಿಯಾದ ಕೆಂಪು ನೀರಿಗೆ ಚೊಗರು ಅಂತಾರೆ, ಅದನ್ನ ಸೇರಿಸಿ ಬೇಯಿಸಿದ್ರೇನೇ ಅಡಿಕೆಗೆ ಬಣ್ಣ, ಹೊಳಪು. ಬೆಂದಿದ್ದನ್ನ ಚಪ್ಪರದ ಮೇಲೆ, ತಟ್ಟಿ ಮೇಲೆ ಹರವಿ ಬಿಸಿಲಿಗೆ ಬಿಡೋದು. ಆ ಟೈಮಲ್ಲಿ ಒಂದು ಮೋಡ ಕಂಡ್ರೂ ಮನೆಯೋರ ಮುಖ ನೋಡೋಕಾಗಲ್ಲ.

ಚಾಲಿ ಬೇರೆ. ಹಣ್ಣಾಗೋ ತನಕ ಮರದಲ್ಲೇ ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ 40-45 ದಿನ ಒಣಗಿಸಿ ಆಮೇಲೆ ಸುಲಿಯೋದು, ಬೇಯಿಸೋದಿಲ್ಲ. ಜನವರಿ ಫೆಬ್ರವರಿಲಿ ಹೋದ್ರೆ ಅಂಗಳದ ತುಂಬ ಕಿತ್ತಳೆ ಬಣ್ಣದ ಹಣ್ಣಡಿಕೆ, ನಡೆಯೋಕೆ ಅಂಚಲ್ಲಿ ಒಂದಡಿ ಜಾಗ ಬಿಟ್ಟಿರ್ತಾರೆ. ಫೋಟೋಗೆ ಅಂತ ಅದ್ರ ಮೇಲೆ ಮಕ್ಕಳನ್ನ ಮಲಗಿಸ್ಬೇಡಿ ಪ್ಲೀಸ್, ಇದನ್ನ ಬರೀಬೇಕಾಗಿ ಬಂದಿದೆ ಅನ್ನೋದೇ ಬೇಜಾರು. ಒಟ್ಟಲ್ಲಿ ನನ್ನ ಕೇಳಿದ್ರೆ ನವೆಂಬರ್ ಕೊನೆ, ಇಲ್ಲಾ ಡಿಸೆಂಬರ್ ಮೊದಲು. ಬೇಯಿಸೋದೂ ಇರತ್ತೆ, ಅಲ್ಲಲ್ಲಿ ಹಣ್ಣಾಗೋಕೂ ಶುರುವಾಗಿರತ್ತೆ, ಚಳಿ ಹಿತವಾಗಿರತ್ತೆ. ಬುಕ್ ಮಾಡೋವಾಗ್ಲೇ "ನಿಮ್ಮಲ್ಲಿ ಆ ವಾರ ಕೊಯ್ಲು ಇದ್ಯಾ" ಅಂತ ಕೇಳಿ. ಇಲ್ಲ ಅಂದ್ರೆ ಪಕ್ಕದ ಮನೇಲಿ ಇದ್ದೇ ಇರತ್ತೆ, ಅವರೇ ಕರ್ಕೊಂಡು ಹೋಗ್ತಾರೆ.

ಪ್ರಶ್ನೆ: ಆಂಟಿ, ನಾನು ಆರನೇ ಕ್ಲಾಸು. ಅಡಿಕೆ ಕೊಯ್ಯೋರು ಮರದಿಂದ ಮರಕ್ಕೆ ಮಂಗನ ಥರ ಹಾರ್ತಾರೆ ಅಂತ ನಮ್ಮ ತಾತ ಹೇಳ್ತಾರೆ, ನಿಜನಾ? ನಾನು ಹತ್ಬಹುದಾ?

ಉತ್ತರ: ಹಾರಲ್ಲ ಪುಟ್ಟಾ, ತೂಗ್ತಾರೆ. ಅಡಿಕೆ ಮರ ಸಪೂರ, ಬಳುಕತ್ತೆ. ಗಿಡ ನೆಡೋವಾಗ ಒಂದರಿಂದ ಇನ್ನೊಂದಕ್ಕೆ ಸುಮಾರು 9 ಅಡಿ ಬಿಟ್ಟಿರ್ತಾರೆ, ಮೇಲಿರೋನು ಮರವನ್ನ ಹಿಂದೆ ಮುಂದೆ ತೂಗಿ ಪಕ್ಕದ ಮರದ ತುದಿ ಕೈಗೆ ಸಿಕ್ಕಿದ ತಕ್ಷಣ ಆ ಕಡೆ ದಾಟ್ಕೋತಾನೆ. ಪ್ರತಿ ಮರಕ್ಕೂ ಇಳಿದು ಹತ್ತೋಕೆ ಶಕ್ತಿ ಯಾರಿಗಿದೆ ಹೇಳು. ತಾತ ಹೇಳಿದ್ದು ಅರ್ಧ ನಿಜ, ಬೈಬೇಡ ಅವರನ್ನ. ನೀನು ಹತ್ತೋ ಹಾಗಿಲ್ಲ. ಅದು ವರ್ಷಗಟ್ಟಲೆ ಕಲಿತು ಮಾಡೋ ಕೆಲಸ, ದೊಡ್ಡೋರೇ ಬಿದ್ದು ಸೊಂಟ ಮುರ್ಕೊಂಡಿದಾರೆ. ನಿನಗೆ ಬೇರೆ ಕೆಲಸ ಇದೆ: ಬಿದ್ದಿರೋ ಅಡಿಕೆ ಹಾಳೆ (ಗರಿ ಬುಡದ ಅಗಲ ಪಟ್ಟೆ) ಮೇಲೆ ತಮ್ಮನ್ನ ಕೂರಿಸಿ ಅಂಗಳದಲ್ಲಿ ಎಳಿ, ಆಮೇಲೆ ನೀನು ಕೂತ್ಕೋ ಅವನು ಎಳೀಲಿ. ಚಡ್ಡಿ ಹರಿದ್ರೆ ನನ್ನ ಹೆಸರು ಹೇಳ್ಬೇಡ.

ಪ್ರಶ್ನೆ: ಹೋದ ವರ್ಷ ರೋಡ್ ಪಕ್ಕ ಒಂದು ಚೆನ್ನಾಗಿರೋ ತೋಟ ಕಾಣ್ತು, ಗೇಟೂ ಇರ್ಲಿಲ್ಲ, ಕಾರ್ ನಿಲ್ಲಿಸಿ ಒಳಗೆ ಹೋದ್ವಿ. ಹತ್ತು ನಿಮಿಷಕ್ಕೆ ಮಾಲೀಕ್ರು ಬಂದು ಕಳ್ಳರನ್ನ ಕೇಳಿದ ಹಾಗೆ ಕೇಳಿದ್ರು. ನಾವು ಮುಟ್ಟಿದ್ದು ಏನೂ ಇಲ್ಲ. ಮಲೆನಾಡಿನ ಜನ ಅತಿಥಿಗಳನ್ನ ಚೆನ್ನಾಗಿ ನೋಡ್ಕೋತಾರೆ ಅಂತ ಬರೀತೀರಲ್ಲ?

ಉತ್ತರ: ಮನೆ ಬಾಗ್ಲಿಗೆ ಹೋಗಿದ್ರೆ ಅದೇ ಮಾಲೀಕ್ರು "ಆಸರಿಗೆ ಏನು ಕೊಡ್ಲಿ" ಅಂತ ಕೇಳಿ ಮಜ್ಜಿಗೆನೋ ಪಾನಕನೋ ಕೊಟ್ಟಿರೋರು, ಆಮೇಲೆ ತಾವೇ ತೋಟಕ್ಕೆ ಕರ್ಕೊಂಡು ಹೋಗಿರೋರು. ನೀವು ಹಿತ್ತಲಿಂದ ಹೋದ್ರಿ. ಕೊಯ್ಲಿನ ಟೈಮಲ್ಲಿ ಅಡಿಕೆ ಕಳ್ಳತನ ಇದ್ದಿದ್ದೇ, ಅಂಗಳದಲ್ಲಿ ಒಣಗಿಸಿರೋದಕ್ಕೂ ರಾತ್ರಿ ಕಾವಲು ಇರ್ತಾರೆ. ಗುರುತಿಲ್ಲದ ಕಾರು, ತೋಟದ ಒಳಗೆ ಐದಾರು ಜನ, ನೀವೇ ಅವರ ಜಾಗದಲ್ಲಿದ್ರೆ ಏನು ಅಂದ್ಕೋತಿದ್ರಿ?

ಇನ್ನೊಂದು ವಿಷ್ಯ, ತೋಟ ಪಾರ್ಕಲ್ಲ. ಎರಡು ಸಾಲಿನ ಮಧ್ಯ ಬಸಿಗಾಲುವೆ ಇರತ್ತೆ, ಅದರ ಮೇಲೆ ದಾಟೋಕೆ ಅಡಿಕೆ ಮರದ ಸೀಳು, ಅಂದ್ರೆ ದಬ್ಬೆ ಹಾಕಿರ್ತಾರೆ, ಪಾಚಿ ಹಿಡಿದು ಜಾರತ್ತೆ. ಮೇಲಿಂದ ಸೋಗೆ (ಅಡಿಕೆ ಗರಿ) ಬೀಳತ್ತೆ, ಒಣಗಿದ ಸೋಗೆ ಹಾಳೆ ಸಮೇತ ತಲೆ ಮೇಲೆ ಬಿದ್ರೆ ತಮಾಷೆ ಅಲ್ಲ. ಮಳೆಗಾಲದಲ್ಲಾದ್ರೆ ಕೊಳೆರೋಗಕ್ಕೆ ಅಂತ ಬೋರ್ಡೋ ದ್ರಾವಣ ಹೊಡೆದಿರ್ತಾರೆ, ಮೈಲುತುತ್ತ, ಸುಣ್ಣ ಕಲಸಿದ ನೀರು, ಎಲೆ ಕೊನೆ ಎಲ್ಲಾದ್ರ ಮೇಲೂ ನೀಲಿ ಕಲೆ ಇರತ್ತೆ, ಮಕ್ಕಳು ಅದನ್ನ ಮುಟ್ಟಿ ಬಾಯಿಗೆ ಕೈ ಹಾಕೋದು ಬೇಡ. ಮನೆಯೋರು ಜೊತೇಲಿದ್ರೆ ಇದನ್ನೆಲ್ಲ ಅವರೇ ಹೇಳ್ತಾರೆ.

ಪ್ರಶ್ನೆ: ನಿಮ್ಮ ಲೇಖನ ಓದಿ ಸಿಟ್ಟು ಬಂತು. ನಾವು ಶಿರಸಿ ತಾಲೂಕಿನೋರು, ಮೂರೆಕರೆ ತೋಟ. ಕೊಯ್ಲಿನ ಟೈಮಲ್ಲಿ ನಮಗೆ ಉಸಿರಾಡೋಕೆ ಪುರುಸೊತ್ತಿಲ್ಲ, ಕೊನೆಗೌಡನ ಮನೆಗೆ ನಾವೇ ಹೋಗಿ ಕೈ ಮುಗೀಬೇಕು. ಎಲೆಚುಕ್ಕಿ ರೋಗ ಬಂದು ಫಸಲು ಹೋಗಿದೆ. ಇದ್ರ ಮಧ್ಯ ನೀವು ಬೆಂಗಳೂರಿನೋರಿಗೆ ಸರಿಯಾಗಿ ಆ ಟೈಮಲ್ಲೇ ಹೋಗಿ ಅಂತೀರಾ?

ಉತ್ತರ: ಸಿಟ್ಟು ಸರಿಯಾಗೇ ಇದೆ ಸರ್. ಆದ್ರೂ ನನ್ನ ಮಾತು ವಾಪಸ್ ತಗೊಳಲ್ಲ. ಸೀಸನ್ ಬಿಟ್ಟು ಬೇರೆ ಟೈಮಲ್ಲಿ ಬಂದೋರು ನಿಮ್ಮೂರಿಂದ ಹೋಗೋವಾಗ ತಲೇಲಿ ತುಂಬ್ಕೊಂಡು ಹೋಗೋದು ಹಸಿರು, ಮಂಜು, ಫಾಲ್ಸು ಅಷ್ಟೇ, ಅಡಿಕೆ ಬೆಳೆಗಾರ ಅಂದ್ರೆ ಮರದಲ್ಲಿ ದುಡ್ಡು ಬಿಡೋ ಸಾಹುಕಾರ ಅನ್ನೋದು ಅವರ ತಲೆಯಿಂದ ಹೋಗಲ್ಲ. ಒಂದು ಸಂಜೆ ಸುಲಿಯೋ ಅಂಗಳದಲ್ಲಿ ಕೂತೋನು ಹಾಗೆ ಮಾತಾಡಲ್ಲ. ಆ ಅಡಿಕೆಯ ಹಿಂದೆ ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತಂದು ಬುಡಕ್ಕೆ ಹಾಕಿದ ಸೊಪ್ಪು ಇದೆ, ಮಳೇಲಿ ಮರ ಹತ್ತಿ ಕೊನೆ ನೆನೀದ ಹಾಗೆ ಕಟ್ಟಿದ ಕೊಟ್ಟೆ (ಹೊದಿಕೆ) ಇದೆ ಅನ್ನೋದು ಕಣ್ಣಿಗೆ ಬೀಳ್ಬೇಕು.

ಹಾಗಂತ ಎಲ್ಲರ ಮನೆಗೂ ನುಗ್ಗಿ ಅಂತ ನಾನು ಹೇಳ್ತಿಲ್ಲ. ಓದುಗರೇ, ಅತಿಥಿಗಳನ್ನ ಇಟ್ಕೊಳ್ತೀವಿ ಅಂತ ಬೋರ್ಡ್ ಹಾಕಿರೋ ಮನೆಗೇ ಹೋಗಿ, ಮುಂಚೆ ಫೋನ್ ಮಾಡಿ. ಶಿರಸಿಯೋರಿಗೂ ಒಂದು ಮಾತು: ತೋಟ ಸುತ್ತಿಸಿ, ಅಡಿಕೆ ಬೇಯಿಸೋದು ತೋರಿಸಿ, ಆಮೇಲೆ ಸಂಕೋಚಕ್ಕೆ ದುಡ್ಡು ಬೇಡ ಅಂತೀರಲ್ಲ, ಅದನ್ನ ಬಿಡಿ. ಎರಡು ಗಂಟೆ ನಿಮ್ಮ ಟೈಮು ಹೋಗಿರತ್ತೆ, ಚಾರ್ಜ್ ಮಾಡಿ. ಪೇಟೆಯೋರು ಪಾರ್ಕಿಂಗಿಗೂ ದುಡ್ಡು ಕೊಟ್ಟು ಅಭ್ಯಾಸ ಇರೋರು, ಏನೂ ಅಂದ್ಕೊಳಲ್ಲ.

ಪ್ರಶ್ನೆ: ನಮ್ಮ ಮಾವನವ್ರಿಗೆ ಊಟ ಆದ್ಮೇಲೆ ಕವಳ (ಎಲೆ ಅಡಿಕೆ) ಬೇಕೇ ಬೇಕು. ಶಿರಸಿಗೆ ಹೋದಾಗ ವರ್ಷಕ್ಕಾಗೋಷ್ಟು ಒಳ್ಳೇ ಅಡಿಕೆ ತರೋಣ ಅಂತಿದಾರೆ. ಯಾವ್ದು ತಗೋಬೇಕು, ಎಲ್ಲಿ?

ಉತ್ತರ: ಮಾರ್ಕೆಟ್ಟಲ್ಲಿ ಹೆಸರು ಕೇಳಿದ್ರೆ ತಲೆ ಕೆಡತ್ತೆ: ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೆಗೋಟು, ಕೋಕಾ. ಮಾವನವ್ರು ಈಗ ಹಾಕ್ತಿರೋದು ಕೆಂಪೋ ಬಿಳಿಯೋ ಅಷ್ಟು ತಿಳ್ಕೊಳ್ಳಿ, ಕೆಂಪಾದ್ರೆ ರಾಶಿ, ಬಿಳಿಯಾದ್ರೆ ಚಾಲಿ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗೂ ಸಿಕ್ಕಿದೆ. ರೈತರು ತಮ್ಮ ಮಾಲು ಹಾಕೋದು ಸಹಕಾರಿ ಸಂಘಗಳಿಗೆ, ಟಿಎಸ್‌ಎಸ್ ಅಂತ ಎಲ್ರೂ ಕರೆಯೋ ತೋಟಗಾರ್ಸ್ ಸೊಸೈಟಿ 1923ರಲ್ಲೇ ಶುರುವಾಗಿದ್ದು. ಅಲ್ಲಿ ಟೆಂಡರಲ್ಲಿ ವ್ಯಾಪಾರ ಆಗೋದು ಕ್ವಿಂಟಲ್ ಲೆಕ್ಕದಲ್ಲಿ, ಅದನ್ನ ನೋಡೋ ಆಸೆ ಇದ್ರೆ ವಾರದ ದಿನ ಹೋಗ್ಬೇಕು, ಭಾನುವಾರ ನಂಬ್ಕೊಂಡು ಹೋಗ್ಬೇಡಿ. ನಿಮಗೆ ಬೇಕಾಗಿರೋದು ಒಂದು ಕೆಜಿ ಅರ್ಧ ಕೆಜಿ, ಉಳ್ಕೊಂಡ ಮನೆಯೋರ ಹತ್ರ ಕೇಳಿದ್ರೆ ಸಾಕು.

ವರ್ಷಕ್ಕಾಗೋಷ್ಟು ಮಾತ್ರ ತರ್ಬೇಡಿ, ಅದೂ ನಾನು ಹೇಳ್ದೆ ಬಿಟ್ರೆ ತಪ್ಪಾಗತ್ತೆ. ತಂಬಾಕು ಇಲ್ದೇ ಹೋದ್ರೂ ಅಡಿಕೆ ಜಗಿಯೋದೇ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತ ಮಾಡಿ ಎರಡು ದಶಕ ಆಯ್ತು. ಬಾಯಿ ಪೂರ್ತಿ ತೆರೆಯೋಕೆ ಆಗ್ತಿಲ್ಲ, ಖಾರ ತಿಂದ್ರೆ ಉರಿ ಅಂತ ಮಾವ ಏನಾದ್ರೂ ಹೇಳಿದ್ರೆ ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಬೆಳೆಯೋರ ಹೊಟ್ಟೆಪಾಡು ಒಂದು, ನಮ್ಮ ಬಾಯಿ ಇನ್ನೊಂದು, ಎರಡನ್ನೂ ಒಟ್ಟಿಗೆ ಹೇಳ್ಬೇಕಾಗತ್ತೆ, ಏನ್ಮಾಡೋದು. ಮಕ್ಕಳಿಗಂತೂ ಹಸಿ ಅಡಿಕೆ ರುಚಿ ತೋರಿಸ್ಲೇಬೇಡಿ. ಸೊಕ್ಕತ್ತೆ, ತಲೆ ತಿರುಗಿ ಬೆವೆತು ವಾಂತಿ ಆಗತ್ತೆ, ಅರ್ಧ ದಿನ ಹಾಳು.

ಪ್ರಶ್ನೆ: ಉಂಬಳ (ರಕ್ತ ಹೀರೋ ಜಿಗಣೆ) ಇರತ್ತಾ? ಮಂಗನ ಕಾಯಿಲೆ ಬಗ್ಗೆನೂ ಕೇಳಿದೀವಿ, ಭಯ ಇದೆ.

ಉತ್ತರ: ಉಂಬಳ ಮಳೆಗಾಲದ ಗಿರಾಕಿ, ನವೆಂಬರ್ ಕೊನೆ ಹೊತ್ತಿಗೆ ತೋಟದಲ್ಲಿ ಅಷ್ಟಾಗಿ ಕಾಡಲ್ಲ. ಕಚ್ಚಿದ್ರೂ ರಕ್ತ ಸ್ವಲ್ಪ ಹೊತ್ತು ಸೋರತ್ತೆ ಅಷ್ಟೇ.

ಮಂಗನ ಕಾಯಿಲೆ ವಿಷ್ಯ ಸೀರಿಯಸ್ಸು. 1957ರಲ್ಲಿ ಮೊದಲು ಗೊತ್ತಾಗಿದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, ಅದಕ್ಕೇ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ ಅಂತಾರೆ. ಹರಡೋದು ಮುಖ್ಯವಾಗಿ ಉಣ್ಣೆ ಹುಳದಿಂದ. ಕೇಸ್ ಜಾಸ್ತಿ ಬರೋದು ಡಿಸೆಂಬರ್‌ನಿಂದ ಬೇಸಿಗೆ ತನಕ, ಸಿದ್ದಾಪುರ ಕಡೆ ಕೆಲವು ವರ್ಷ ಜೋರಾಗೇ ಇತ್ತು. ಹೋಗೋ ಮುಂಚೆ ಮನೆಯೋರನ್ನ ಕೇಳಿ, ಈ ಸಲ ಆ ಕಡೆ ಇದ್ಯಾ ಅಂತ. ಒಣಗಿದ ಎಲೆ ಮೇಲೆ ಕೂರೋದು, ಕಾಡೊಳಗೆ ಸುಮ್ನೆ ಅಡ್ಡಾಡೋದು ಬೇಡ, ಉದ್ದ ತೋಳು, ಉದ್ದ ಪ್ಯಾಂಟು, ವಾಪಸ್ ಬಂದು ಬಿಸಿನೀರಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗ್ದೆ ಊರೋರಿಗೆ ಹೇಳಿ. ಬಂದ್ಮೇಲೆ ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದ್ರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ವಿ ಅಂತ ಮರೀದೆ ಹೇಳಿ.

ಪ್ರಶ್ನೆ: ಊಟ? ನಮ್ಮ ಹುಡುಗ್ರು ಪಿಜ್ಜಾ ಬಿಟ್ಟು ಬೇರೆ ಮುಟ್ಟಲ್ಲ.

ಉತ್ತರ: ತೊಡೆದೇವು ಕೊಟ್ಟು ನೋಡಿ. ಬಿಸಿ ಮಡಕೆ ಬೋರಲು ಹಾಕಿ ಅದ್ರ ಮೇಲೆ ಅಕ್ಕಿಹಿಟ್ಟು, ಕಬ್ಬಿನಹಾಲು ಕಲಸಿದ ಹಿಟ್ಟನ್ನ ಬಟ್ಟೇಲಿ ಎಳೀತಾರೆ, ಪೇಪರಿಗಿಂತ ತೆಳು, ತುಪ್ಪ ಹಾಕ್ಕೊಂಡು ತಿನ್ನೋದು. ಮಾಡೋದನ್ನ ನೋಡಿದ ಮಕ್ಕಳು ತಿನ್ನದೇ ಇರೋದು ನಾನು ಕಂಡಿಲ್ಲ. ದೊಡ್ಡೋರಿಗೆ ಅಪ್ಪೆಹುಳಿ (ಮಾವಿನಕಾಯಿಯ ತಿಳಿಸಾರು), ತಂಬುಳಿ. ಜನವರಿ ನಂತರ ಹೋದ್ರೆ ಆಲೆಮನೆ, ಕಬ್ಬಿನಹಾಲು, ಜೋನಿಬೆಲ್ಲ. ಪಿಜ್ಜಾನೂ ಪೇಟೇಲಿ ಸಿಗತ್ತೆ, ಆದ್ರೆ ಹೇಳ್ಬೇಡಿ ಅವರಿಗೆ.

ಪ್ರಶ್ನೆ: ಮಾರಿಕಾಂಬಾ ಜಾತ್ರೆ ಟೈಮಲ್ಲೇ ಹೋದ್ರೆ ಎರಡೂ ಆಗತ್ತಲ್ವಾ?

ಉತ್ತರ: ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ ಮಾರ್ಚ್ ಹೊತ್ತಿಗೆ, ಎಂಟು ಒಂಬತ್ತು ದಿನ. ಅದು ಜಾತ್ರೆಗೇ ಅಂತ ಹೋಗ್ಬೇಕಾದ ಟ್ರಿಪ್ಪು. ರೂಮ್ ಸಿಗಲ್ಲ, ಕಾರ್ ನಿಲ್ಲಿಸೋಕೆ ಜಾಗ ಸಿಗಲ್ಲ, ತೋಟದ ಮನೆಯೋರೂ ಮನೇಲಿರಲ್ಲ, ಅವರೂ ಜಾತ್ರೇಲೇ ಇರ್ತಾರೆ.

ಪ್ರಶ್ನೆ: ಕಾರಿಲ್ಲ, ಟ್ರೈನಲ್ಲಿ ಹೋಗೋಕಾಗತ್ತಾ ಅಕ್ಕಾ? ನಾನು, ಅಮ್ಮ, ತಂಗಿ ಮೂರೇ ಜನ.

ಉತ್ತರ: ಶಿರಸಿಗೆ ರೈಲಿಲ್ಲ ಕಣಮ್ಮಾ. ಹತ್ತಿರ ಅಂದ್ರೆ ಒಂದು ಕಡೆ ಹಾವೇರಿ, ಇನ್ನೊಂದು ಕಡೆ ತಾಳಗುಪ್ಪ. ಬೆಂಗಳೂರಿಂದ ತಾಳಗುಪ್ಪಕ್ಕೆ ರಾತ್ರಿ ಟ್ರೈನಿದೆ, ಬೆಳಗ್ಗೆ ಇಳಿದು ಸಿದ್ದಾಪುರ ಮೇಲೆ ಶಿರಸಿಗೆ ಬಸ್ಸು. ಸಾಮಾನು ಹತ್ತಿಸಿ ಇಳಿಸೋದು ಅಮ್ಮಂಗೆ ಕಷ್ಟ ಅನ್ನೋದಾದ್ರೆ ಬೆಂಗಳೂರಿಂದ ನೇರ ಶಿರಸಿಗೇ ರಾತ್ರಿ ಸ್ಲೀಪರ್ ಬಸ್ಸಿವೆ, ಮೂರು ಜನಕ್ಕೆ ಅದೇ ವಾಸಿ. ಬಸ್ ಸ್ಟ್ಯಾಂಡಿಂದ ತೋಟದ ಮನೆಗೆ ಆಟೋ ಬೇಕಾಗತ್ತೆ. ಹೋಗೋ ಬಾಡಿಗೆ ಮಾತಾಡೋವಾಗ್ಲೇ ಮಾರನೇ ದಿನ ಎಷ್ಟೊತ್ತಿಗೆ ಕರ್ಕೊಂಡು ಬರೋಕೆ ಬರ್ಬೇಕು ಅಂತಾನೂ ಹೇಳ್ಬಿಡು, ಎಷ್ಟೋ ಮನೆ ಹತ್ರ ನೆಟ್‌ವರ್ಕ್ ಸಿಗಲ್ಲ, ಆಮೇಲೆ ಫೋನ್ ಮಾಡ್ತೀನಿ ಅಂದ್ರೆ ಆಗಲ್ಲ.